ಬೀರುವಿನ ಕೀಲಿ, ಮನೆಗಳ ಪಟ್ಟಿ

28 ಮೇ 2023, ಭಾನುವಾರ ರಾತ್ರಿ
ಕಾರ್ಕಳ ತಾಲೂಕು

ಇವತ್ತು ಪವಿತ್ರಾತ್ಮರ ಹಬ್ಬ. ಈ ಊರಿನ ಚರ್ಚಿನಲ್ಲಿ ಪಾದ್ರಿಯಾಗಿ ನಾನು ಅರ್ಪಿಸುವ ಕೊನೆಯ ಭಾನುವಾರದ ಪೂಜೆಯೂ ಇದೇ. ಯೇಸುವಿನ ಶಿಷ್ಯರು ಮಾತಾಡಿದ್ದು ಎಲ್ಲರಿಗೂ ಅವರವರ ಭಾಷೆಯಲ್ಲೇ ಕೇಳಿಸಿತು ಅನ್ನುವ ವಾಚನ. ಇಲ್ಲಿ ಪೂಜೆ ಕೊಂಕಣಿಯಲ್ಲಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಈ ಜನಕ್ಕೆ ಆ ವಾಚನವನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಪೂಜೆ ಮುಗಿದ ಮೇಲೆ ಬೀಳ್ಕೊಡುಗೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಪಾಲನಾ ಮಂಡಳಿಯ ಉಪಾಧ್ಯಕ್ಷರು ನಾನು ಮಾಡಿದ ಕೆಲಸ ಅಂತ ಒಂದೊಂದಾಗಿ ಓದಿದರು. ಸಭಾಭವನದ ಮಾಡು, ಸ್ಮಶಾನದ ಕಂಪೌಂಡು. ಕೇಳ್ತಾ ಕೂತಿರುವುದು ಕಷ್ಟವಾಯಿತು. ಕಲ್ಲು ಹೊತ್ತವರು ಎದುರಿನ ಬೆಂಚಿನಲ್ಲೇ ಇದ್ದರಲ್ವಾ? ಉತ್ತರ ಹೇಳುವಾಗ ಒಬ್ಬೊಬ್ಬ ಗುರ್ಕಾರರನ್ನೂ, ಅಂದರೆ ಒಂದೊಂದು ವಾಳೆಯ (ಚರ್ಚಿನ ಮನೆಗಳ ಗುಂಪಿನ) ಮುಖಂಡರನ್ನೂ, ಎದ್ದು ನಿಲ್ಲಲು ಕೇಳಿಕೊಂಡೆ. ವಾಳೆಯಲ್ಲಿ ಯಾರಾದರೂ ತೀರಿಕೊಂಡರೆ ನನಗಿಂತ ಮೊದಲು ಆ ಮನೆಯ ಅಂಗಳದಲ್ಲಿ ಇರುವವರು ಅವರೇ.

ಪಾದ್ರಿಗಿಂತ ಮೊದಲು ಜನ ನಿಲ್ಲುವುದು ಇವತ್ತಿನ ಮಾತಲ್ಲ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಹಿಡಿದುಕೊಂಡು ಹೋದಾಗ ಪಾದ್ರಿಗಳನ್ನು ಊರು ಬಿಡಿಸಿದರು, ಚರ್ಚುಗಳನ್ನು ಕೆಡವಿದರು. 1799ರಲ್ಲಿ ಬಿಡುಗಡೆಯಾಗಿ ಬದುಕಿ ಬಂದವರು ಮತ್ತೆ ಗೋಡೆ ಎಬ್ಬಿಸಿದರು. ಅಷ್ಟೂ ವರ್ಷ ಹೆಚ್ಚುಕಡಿಮೆ ಪಾದ್ರಿಗಳಿಲ್ಲದೆಯೇ ಪ್ರಾರ್ಥನೆ ಉಳಿಸಿಕೊಂಡ ಜನರ ಮೊಮ್ಮಕ್ಕಳು ಇವರು. ನಮ್ಮಂಥವರು ಬರುತ್ತೇವೆ, ಹೋಗುತ್ತೇವೆ.

ಮಧ್ಯಾಹ್ನ ಕಚೇರಿಯಲ್ಲಿ ಕೂತು ಪುಸ್ತಕಗಳನ್ನು ಜೋಡಿಸಿದೆ. ಜ್ಞಾನಸ್ನಾನ, ಮದುವೆ, ಮರಣ. ಹಳೆಯವು ಲ್ಯಾಟಿನ್‌ನಲ್ಲಿವೆ. ಮಂಗಳೂರು ಧರ್ಮಪ್ರಾಂತ್ಯದ (ಬಿಷಪರ ಆಡಳಿತ ಪ್ರದೇಶದ) ಮೊಹರು ಇರುವ ಪುಟಗಳೇ ಜಾಸ್ತಿ. ನಮ್ಮ ಉಡುಪಿ ಧರ್ಮಪ್ರಾಂತ್ಯ ಅದರಿಂದ ಬೇರೆ ಆದದ್ದು 2012ರಲ್ಲಷ್ಟೇ. ನನಗೆ ತುಂಬ ಇಷ್ಟ ಜ್ಞಾನಸ್ನಾನದ ಪುಸ್ತಕದ ಅಂಚು. ಮಗು ಬೆಳೆದು ಎಲ್ಲೇ ಮದುವೆಯಾಗಲಿ, ಪಾದ್ರಿಯಾಗಲಿ, ಆ ಸುದ್ದಿ ಜ್ಞಾನಸ್ನಾನ ಆದ ಚರ್ಚಿಗೆ ಬರಬೇಕು, ಆ ಹೆಸರಿನ ಪಕ್ಕದಲ್ಲೇ ಬರೆಯಬೇಕು. ಮುಂಬೈ, ಕುವೈತ್, ದುಬೈ, ಟೊರೊಂಟೊ ಅಂತ ಅಂಚಿನ ತುಂಬ ಊರುಗಳು. ಈ ಊರಿನಲ್ಲಿ ಮನೆಯೇ ಇಲ್ಲದವರ ಹೆಸರೂ ಇಲ್ಲಿಂದ ಹೋಗುವುದಿಲ್ಲ.

ಆದರೆ ಈಚೆಗೆ ನಾನು ಹೆಚ್ಚು ಬರೆದದ್ದು ಮರಣದ ಪುಸ್ತಕದಲ್ಲಿ. ಮಕ್ಕಳು ಹೊರಗಿದ್ದಾರೆ. ಅವರು ಬರುವ ತನಕ ದೇಹ ಶವಾಗಾರದಲ್ಲಿ ಕಾಯುತ್ತದೆ. ಗದ್ದೆಗಳೂ ಹೋದವು, ಈಗ ಅಡಿಕೆ, ರಬ್ಬರ್. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ, ಆಶೀರ್ವದಿಸುವ ತೆನೆ ನಮ್ಮವರ ಗದ್ದೆಯಿಂದಲೇ ಬರುತ್ತಿತ್ತಂತೆ. ಈಗ ನೆರೆಯ ಶೆಟ್ಟರ ಗದ್ದೆಯಿಂದ ಬರುತ್ತದೆ. ಹಬ್ಬಕ್ಕೆ ಬೇಕು ಅಂತಲೇ ಅವರು ಒಂದು ಮೂಲೆಯನ್ನು ಬೇಗ ಬಿತ್ತುತ್ತಾರೆ. ದುಡ್ಡು ಕೊಡಲು ಹೋದರೆ ಬೈಯುತ್ತಾರೆ. ಹಬ್ಬದ ಒಂಬತ್ತು ದಿನ ಮರಿಯಮ್ಮನವರಿಗೆ ಅಂತ ಬುಟ್ಟಿಯಲ್ಲಿ ಹೂ ಹಿಡಿದು ಬರುವ ಮಕ್ಕಳಲ್ಲಿ ಅವರ ಮೊಮ್ಮಗಳೂ ಇರುತ್ತಾಳೆ, ಕಬ್ಬು ಹಂಚುವ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ.

ಅದಕ್ಕೇ ಹೊಸ ಫಾದರ್‌ಗೆ ಬೀರುವಿನ ಕೀಲಿ, ಬ್ಯಾಂಕ್ ಪುಸ್ತಕದ ಜೊತೆ ಇನ್ನೊಂದು ಪಟ್ಟಿ ಬರೆದಿಟ್ಟಿದ್ದೇನೆ. ಒಬ್ಬೊಬ್ಬರೇ ಇರುವ ಹಿರಿಯರ ಮನೆಗಳದ್ದು. ತಿಂಗಳ ಮೊದಲ ಶುಕ್ರವಾರ ಪರಮ ಪ್ರಸಾದ ಕೊಂಡೊಯ್ಯಬೇಕಾದ ಮನೆಗಳು. ಯಾರಿಗೆ ಕಿವಿ ಕೇಳಿಸುವುದಿಲ್ಲ, ಯಾರ ನಾಯಿ ಕಚ್ಚುತ್ತದೆ, ಯಾರ ಮನೆಗೆ ಸಂಕ (ಕಾಲುಸೇತುವೆ) ದಾಟಬೇಕು, ಯಾರು ಗಂಜಿ ಉಣಿಸದೆ ಕಳಿಸುವುದಿಲ್ಲ ಅಂತ. ಮಳೆಗಾಲದಲ್ಲಿ ಆ ಸಂಕ ನಂಬುವ ಹಾಗಿಲ್ಲ, ಸುತ್ತು ಹಾಕಿ ಹೋಗಿ ಅಂತಲೂ ಬರೆದೆ. ಧರ್ಮಕೇಂದ್ರ ಅಂದರೆ ನನಗೆ ಈ ಪಟ್ಟಿಯೇ. ಹೊಸಬರು ಬೇರೇನು ಬದಲಿಸಿದರೂ ಪರವಾಗಿಲ್ಲ, ಈ ಮನೆಗಳ ಮೆಟ್ಟಿಲು ಮಾತ್ರ ಹತ್ತಬೇಕು.

ಸಂಜೆ ಆ ಪಟ್ಟಿಯ ಮೊದಲ ಮನೆಗೆ ಹೋಗಿ ಬಂದೆ. ಬಾಯಮ್ಮನಿಗೆ ಎಂಬತ್ತು ದಾಟಿದೆ. ಸನ್ನ ಬಡಿಸಿ ಎದುರು ಕೂತರು.

"ನನ್ನ ಮಣ್ಣಿಗೆ ನೀವೇ ಬರಬೇಕು ಫಾದರ್."

ಬಿಟ್ಟುಹೋದ ಚರ್ಚಿಗೆ ನಾವು ಸುಮ್ನೆ ಬರುವ ಹಾಗಿಲ್ಲ. ಅಲ್ಲಿ ಇರುವವರು ಕರೆಯಬೇಕು. ಹಾಗಂತ ಹೇಳಿದೆ.

"ಹೊಸ ಫಾದರ್ ಕರೆದರೆ ಖಂಡಿತ ಬರ್ತೇನೆ ಬಾಯಮ್ಮ."

ಅವರು ಇನ್ನೊಂದು ಸನ್ನ ಹಾಕಿದರು. "ಅದಕ್ಕೇನು, ಶುಕ್ರವಾರ ಅವರು ಬರ್ತಾರಲ್ಲ. ಆಗಲೇ ಹೇಳಿಡ್ತೇನೆ."