ಕೋಡಿಯ ಮರಳಲ್ಲಿ ಗಾಳ ಹಿಡಿದು

ನಮ್ಮ ಹಿರಿಯೂರು ಕಡೆ ಕೋಡಿ ಎಂದರೆ ಕೆರೆ ತುಂಬಿ ನೀರು ಹೊರಗೆ ಹರಿಯುವ ಜಾಗ. 2022ರಲ್ಲಿ ಮಾರಿಕಣಿವೆ ಜಲಾಶಯ 89 ವರ್ಷಗಳ ನಂತರ ಕೋಡಿ ಬಿದ್ದಾಗ ಅಪ್ಪನ ಜೊತೆ ಹೋಗಿ ನೋಡಿ ಬಂದಿದ್ದೆ. ಮಾಸ್ತರಿಕೆಯಲ್ಲಿ ವರ್ಗವಾಗಿ ಕುಂದಾಪುರಕ್ಕೆ ಬಂದ ಮೇಲೆ ಇನ್ನೊಂದು ಕೋಡಿ ಸಿಕ್ಕಿತು. ಪಂಚಗಂಗಾವಳಿ ಹೊಳೆ ಕಡಲು ಸೇರುವ ಕಡೆಯ ಮರಳ ನೆಲಕ್ಕೂ ಇಲ್ಲಿ ಕೋಡಿ ಎಂದೇ ಹೆಸರು. ನಾನು ಕಡಲ ಮೀನಿಗೆ ಗಾಳ ಹಾಕಲು ಕಲಿತದ್ದು ಅಲ್ಲೇ.

ಗಾಳ ನನಗೆ ಹೊಸದಲ್ಲ. ಚಿಕ್ಕವನಿದ್ದಾಗ ಅಪ್ಪ ಬಿದಿರು ಕಡ್ಡಿಗೆ ದಾರ ಕಟ್ಟಿ, ಬೆಂಡು ಹಾಕಿ, ಎರೆಹುಳು ಚುಚ್ಚಿ ಕೊಡುತ್ತಿದ್ದರು. ಕೆರೆ ಏರಿ ಮೇಲೆ ಕೂತು ಬೆಂಡನ್ನೇ ನೋಡುವುದು. ಬೆಂಡು ಮುಳುಗಿದರೆ ಎಳೆಯುವುದು. ಅಷ್ಟೇ ಗೊತ್ತಿದ್ದದ್ದು. ಕಡಲಿಗೆ ಬಂದಾಗ ದೊಡ್ಡ ನೀರು, ದೊಡ್ಡ ಸಾಮಾನು ಬೇಕು ಅಂದುಕೊಂಡೆ. ಹನ್ನೆರಡು ಅಡಿಯ ರಾಡು, ದಪ್ಪ ದಾರ, ಅಂಜಲ್ ಹಿಡಿಯುವಂಥ ದೊಡ್ಡ ಗಾಳ ತಂದೆ. ನಾಲ್ಕು ಭಾನುವಾರ ಮೈಕೈ ನೋವು ಬರುವಷ್ಟು ದೂರ ಎಸೆದೆ. ಒಂದು ಮೀನೂ ಬರಲಿಲ್ಲ.

ಐದನೇ ಭಾನುವಾರ ಒಬ್ಬ ಅಜ್ಜ ಪಕ್ಕದಲ್ಲಿ ಬಂದು ನಿಂತರು. ಅವರ ಕೈಯಲ್ಲಿ ರಾಡು ಇರಲಿಲ್ಲ. ಮರದ ತುಂಡಿಗೆ ಸುತ್ತಿದ ತಂಗೂಸು ಎಂಬ ನೈಲಾನ್ ದಾರ, ತುದಿಗೆ ಸೀಸ, ಉಗುರಿನಷ್ಟು ಗಾಳ. ತಲೆ ಮೇಲೆ ಎರಡು ಸುತ್ತು ತಿರುಗಿಸಿ ಬಿಟ್ಟರು. ಇಪ್ಪತ್ತು ಮೀಟರೂ ಹೋಗಲಿಲ್ಲ. ಐದು ನಿಮಿಷದಲ್ಲಿ ಒಂದು ಕಾಣೆ ಮೀನು ಮರಳ ಮೇಲೆ ಹೊರಳುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಮಾಷ್ಟ್ರೇ, ಅಷ್ಟ್ ದೂರ ಎಂತಕ್ ಬಿಸಾಡ್ತ್ರಿ? ಮೀನ್ ನಿಮ್ ಕಾಲ್ ಬುಡ್ದಗೇ ಇತ್ತ್" ಅಂದರು.

ನನ್ನ ಕಲಿಕೆ ಶುರುವಾದದ್ದು ಆ ಮಾತಿನಿಂದ. ಕಾಣೆ ದಡದ ಹತ್ತಿರದ ಮೀನು. ಅಲೆ ಮರಳನ್ನು ಕಲಕಿದಾಗ ಮೇಲೆ ಬರುವ ಹುಳ, ಸಣ್ಣ ಸಿಗಡಿ ತಿನ್ನಲು ಬರುತ್ತದೆ. ಬಲೆ ಎಳೆದರೆ ಮರಳೊಳಗೆ ಹೂತುಕೊಂಡು ತಪ್ಪಿಸಿಕೊಳ್ಳುವ ಮೀನು ಅದು. ನಾನು ಎಸೆಯುತ್ತಿದ್ದದ್ದು ಅದರ ತಲೆ ಮೇಲಿಂದ ಆಚೆಗೆ.

ಅಜ್ಜ ಹೇಳಿಕೊಟ್ಟ ಇನ್ನೊಂದು ವಿಷಯ, ಮೊದಲು ಬರಿಗೈಯಲ್ಲಿ ಬಂದು ನೋಡಬೇಕು. ನೀರು ಪೂರ್ತಿ ಇಳಿದಾಗ ಬನ್ನಿ. ದಡ ನಾವು ಅಂದುಕೊಂಡಷ್ಟು ಸಮ ಇರುವುದಿಲ್ಲ. ದಡಕ್ಕೆ ಸಮನಾಗಿ ಉದ್ದಕ್ಕೆ ತಗ್ಗು ಇರುತ್ತದೆ, ಅದರಾಚೆ ಮರಳ ದಿಬ್ಬ. ದಿಬ್ಬದ ಮೇಲೆ ಅಲೆ ಒಡೆದು ನೊರೆಯಾಗುತ್ತದೆ. ತಗ್ಗಿನಲ್ಲಿ ಒಡೆಯುವುದಿಲ್ಲ, ನೀರು ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಆ ತಗ್ಗನ್ನು ದಡದ ಒಂದು ತೆಂಗಿನ ಮರಕ್ಕೋ ಕಂಬಕ್ಕೋ ಗುರುತು ಇಟ್ಟುಕೊಳ್ಳಿ. ನೀರು ಏರಲು ಶುರುವಾದಾಗ ಅಲ್ಲಿಗೇ ಗಾಳ ಬಿಡಿ. ಏರುವ ನೀರಿನ ಜೊತೆ ಮೀನೂ ತಗ್ಗಿಗೆ ಬರುತ್ತದೆ. ನನಗೆ ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ನೀರು ಏರಲು ಶುರುವಾದ ಮೊದಲ ಎರಡು ಗಂಟೆಯಲ್ಲೇ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಕಳೆದ ಭಾನುವಾರದ ಹೊತ್ತು ಈ ಭಾನುವಾರಕ್ಕೆ ಬರುವುದಿಲ್ಲ. ನಾನು ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡೇ ಹೊರಡುತ್ತೇನೆ. ಆ ದಿನಗಳ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ತಗ್ಗು ನೋಡಲು ಅದೇ ಒಳ್ಳೆಯ ದಿನ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಲೆ ಒಡೆಯದೆ ಸುಮ್ನೆ ಶಾಂತವಾಗಿ ಕಾಣುವ ಜಾಗ ಮೀನಿಗೆ ಒಳ್ಳೆಯದು, ಮನುಷ್ಯನಿಗೆ ಅಲ್ಲ. ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿ ಎಷ್ಟೋ ಸಲ ಅದೇ. ಈಜಲು ಬರುವವರು ಅಲ್ಲೇ ಇಳಿದು ಸೆಳೆತಕ್ಕೆ ಸಿಗುತ್ತಾರೆ. ಮೊಣಕಾಲು ದಾಟಿ ನೀರಿಗೆ ಇಳಿಯಬೇಡಿ. ಒಂದು ವೇಳೆ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಗುದ್ದಾಡದೆ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವುದಿಲ್ಲ. ಕಡಲನ್ನೇ ನಂಬಿದವರು ನೂಲ ಹುಣ್ಣಿಮೆಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ನಾವೂ ಅಲ್ಲಿಯವರೆಗೆ ಕಾಯೋಣ, ಅಲ್ವಾ?

ಸಾಮಾನು ಈಗ ಹಗುರ. ಒಂಬತ್ತು ಅಡಿಯ ರಾಡು, ಮಧ್ಯಮ ಗಾತ್ರದ ರೀಲು, 0.30 ಮಿ.ಮೀ. ದಾರ. ತೂತಿರುವ 40 ಗ್ರಾಂ ಸೀಸದೊಳಗೆ ದಾರ ಪೋಣಿಸಿ, ಒಂದು ಮಣಿ ಹಾಕಿ, ಆಮೇಲೆ ತಿರುಗುವ ಕೊಂಡಿ ಕಟ್ಟುತ್ತೇನೆ. ಕೊಂಡಿಯಿಂದ ಎರಡು ಅಡಿ ದಾರ, ತುದಿಗೆ 8ನೇ ನಂಬರಿನ ಗಾಳ. ಇಲ್ಲಿ ನಂಬರು ಹೆಚ್ಚಾದಷ್ಟೂ ಗಾಳ ಸಣ್ಣದು. ಕಾಣೆಯ ಬಾಯಿ ಚಿಕ್ಕದು, ಅದಕ್ಕೆ ಸಣ್ಣ ಗಾಳವೇ ಬೇಕು. ಸೀಸ ದಾರದ ಮೇಲೆ ಜಾರುವಂತೆ ಇದ್ದರೆ ಮೀನು ಎಳೆದಾಗ ಅದಕ್ಕೆ ಭಾರ ತಿಳಿಯುವುದಿಲ್ಲ. ಕಟ್ಟಿಹಾಕಿದ ಸೀಸವಾದರೆ ಒಮ್ಮೆ ಕಚ್ಚಿ ಬಿಟ್ಟುಬಿಡುತ್ತದೆ.

ಗಾಳಕ್ಕೆ ಚುಚ್ಚುವ ಎರೆ ಇಲ್ಲಿ ಹುಳುವಲ್ಲ, ಸಿಗಡಿ. ಇಲ್ಲಿ ಚಟ್ಲಿ ಎನ್ನುತ್ತಾರೆ. ಮೀನು ಮಾರುವ ಅಕ್ಕನ ಹತ್ತಿರ ಇಪ್ಪತ್ತು ರೂಪಾಯಿಯದ್ದು ತಗೊಂಡರೆ ಬೆಳಿಗ್ಗೆ ಪೂರ್ತಿ ಸಾಕು. ಸಿಪ್ಪೆ ತೆಗೆದು, ಬೆರಳ ಉಗುರಿನಷ್ಟು ತುಂಡು ಮಾಡಿ ಚುಚ್ಚಬೇಕು. ದೊಡ್ಡ ತುಂಡು ಹಾಕಿದರೆ ಮೀನು ಅಂಚನ್ನೇ ಕಿತ್ತು ತಿಂದು ಹೋಗುತ್ತದೆ.

ಕಡಲಲ್ಲಿ ಬೆಂಡಿಲ್ಲ. ನನಗೆ ಅತಿ ಕಷ್ಟವಾದದ್ದು ಅದೇ. ನೋಡಲು ಏನೂ ಇಲ್ಲ, ಅಲೆ ದಾರವನ್ನು ಎಳೆಯುತ್ತಲೇ ಇರುತ್ತದೆ. ತೋರುಬೆರಳ ಮೇಲೆ ದಾರ ಇಟ್ಟುಕೊಳ್ಳಲು ಅಜ್ಜ ಹೇಳಿದರು. ಅಲೆಯ ಎಳೆತ ನಿಧಾನ, ಬಂದು ಹೋಗುತ್ತದೆ. ಕಾಣೆಯದ್ದು ಟಕ್ ಟಕ್ ಎಂದು ಎರಡು ಸಣ್ಣ ಏಟು. ಮೊದಲ ಏಟಿಗೆ ಎಳೆಯಬಾರದು. ಎರಡನೆಯದಕ್ಕೆ ಮಣಿಕಟ್ಟು ಮಾತ್ರ ಮೇಲೆತ್ತಿದರೆ ಸಾಕು. ಎಷ್ಟೋ ಮೀನು ತಪ್ಪಿಸಿಕೊಂಡ ಮೇಲೆ ನನ್ನ ಬೆರಳಿಗೆ ಈ ವ್ಯತ್ಯಾಸ ಗೊತ್ತಾಯಿತು. ಆ ದಿನ ಕೈಯೆಲ್ಲ ನಡುಗುತ್ತಿತ್ತು. ಅರ್ಧ ಅಡಿಯ, ಬೆಳ್ಳಗೆ ಹೊಳೆಯುವ ಮೀನು. ಅಜ್ಜನಿಗೆ ತೋರಿಸಲು ಅರ್ಧ ಕಿಲೋಮೀಟರು ನಡೆದುಕೊಂಡು ಹೋಗಿದ್ದೆ.

ಮೀಸೆ ಇರುವ ಮೀನು ಬಂದರೆ ಬರಿಗೈಯಲ್ಲಿ ಮುಟ್ಟಬೇಡಿ. ಬೆನ್ನಿನ ಮೇಲೆ ಒಂದು, ಎರಡು ಪಕ್ಕಕ್ಕೆ ಒಂದೊಂದು ವಿಷದ ಮುಳ್ಳು ಇರುತ್ತದೆ. ಇಕ್ಕಳದಿಂದ ಗಾಳ ಬಿಡಿಸಿ, ಇಲ್ಲವೇ ದಾರ ಕತ್ತರಿಸಿ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕೈ ಇಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ. ಮನೆಗೆ ಬಂದ ತಕ್ಷಣ ರೀಲನ್ನು ಸಿಹಿನೀರಲ್ಲಿ ತೊಳೆಯಿರಿ. ನನ್ನ ಮೊದಲ ರೀಲು ಎರಡೇ ತಿಂಗಳಿಗೆ ಉಪ್ಪು ತಿಂದು ಕೂತುಬಿಟ್ಟಿತು. ಕತ್ತರಿಸಿದ ತಂಗೂಸಿನ ಒಂದು ತುಂಡನ್ನೂ ಮರಳಲ್ಲಿ ಬಿಡಬೇಡಿ. ಚಳಿಗಾಲದಲ್ಲಿ ಇದೇ ಕೋಡಿಯಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ.

ಹೋದ ವಾರ ಆರು ಕಾಣೆ ಸಿಕ್ಕವು. ಸಣ್ಣವೆರಡನ್ನು ನೀರಿಗೆ ಬಿಟ್ಟೆ. ಉಳಿದವನ್ನು ಹೆಂಡತಿ ರವೆ ಹಚ್ಚಿ ಹುರಿದಳು. ಊಟ ಆದ ಮೇಲೆ ಅಪ್ಪನಿಗೆ ಫೋನ್ ಮಾಡಿದೆ.

"ಬೆಂಡು ಇಲ್ಲದೆ ಹೆಂಗೋ ಗೊತ್ತಾಗುತ್ತೆ?" ಅಂದರು.

ಬೆರಳಲ್ಲಿ ಗೊತ್ತಾಗುತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನ ಬೆರಳು ಒರಟು ಕಣಪ್ಪ" ಅಂದರು. ಆಮೇಲೆ ಹಿರಿಯೂರಿಂದ ಕುಂದಾಪುರಕ್ಕೆ ರಾತ್ರಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.