ಹೈಡ್ರೋಜನ್ ಹಾಕಿದರೂ ನಿಲ್ಲದ ಕೌಂಟ್

ನಾನು ಕೆಲಸ ಮಾಡುವುದು ಒಂದು ಪ್ಲಾಸ್ಮಾ ಪ್ರಯೋಗಾಲಯದಲ್ಲಿ. ನಾನು ನೋಡಿಕೊಳ್ಳುವ ಯಂತ್ರದ ಹೆಸರು ಫ್ಯೂಸರ್. ಹಗುರ ಪರಮಾಣುಗಳ ಬೀಜಗಳನ್ನು ಒಂದಕ್ಕೊಂದು ಬೆಸೆಯುವ, ಅಂದರೆ ಫ್ಯೂಷನ್ ಮಾಡುವ ಯಂತ್ರ. ಟಿವಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಅಮೆರಿಕದ ಫೈಲೋ ಫಾರ್ನ್ಸ್‌ವರ್ತ್ ಅವರ ತಲೆಗೆ ಹೊಳೆದದ್ದು ಇದು. 1960ರ ದಶಕದಲ್ಲಿ ಅವರ ಜೊತೆ ಸೇರಿದ ರಾಬರ್ಟ್ ಹಿರ್ಷ್ ಇದನ್ನು ಮುಂದಕ್ಕೆ ಬೆಳೆಸಿದರು. ನಮ್ಮ ದೇಶದಲ್ಲಿ ಅಸ್ಸಾಮಿನ ಸೋನಾಪುರದಲ್ಲೂ ಇಂಥದ್ದೊಂದು ಇದೆ.

ಉಕ್ಕಿನ ಕೊಠಡಿಯಿಂದ ಗಾಳಿಯನ್ನೆಲ್ಲ ಹೀರಿ ತೆಗೆದು, ಚೂರೇ ಚೂರು ಡ್ಯೂಟೀರಿಯಂ (ಹೈಡ್ರೋಜನ್ನಿನ ಭಾರವಾದ ರೂಪ) ಬಿಡುತ್ತೇವೆ. ನಡುವೆ ಟಂಗ್‌ಸ್ಟನ್ ತಂತಿಯ ಚೆಂಡಿನಂಥ ಜಾಲರಿ ಇದೆ. ಅದಕ್ಕೆ ಮೈನಸ್ 40 ಸಾವಿರ ವೋಲ್ಟ್ ಕೊಟ್ಟರೆ ಡ್ಯೂಟೀರಿಯಂನ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಎಲ್ಲ ಕಡೆಯಿಂದ ನಡುವಿಗೆ ನುಗ್ಗುತ್ತವೆ. ಎಲ್ಲೋ ಕೆಲವು ಡಿಕ್ಕಿ ಹೊಡೆದು ಬೆಸೆದುಕೊಳ್ಳುತ್ತವೆ. ಅದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಸಲ ಒಂದು ನ್ಯೂಟ್ರಾನ್ ಹೊರಬರುತ್ತದೆ. ಇದರಿಂದ ಕರೆಂಟ್ ಮಾಡೋಕಾಗಲ್ಲ. ಒಳಗೆ ನೂರಾರು ವಾಟ್ ಸುರಿದು, ಸೆಕೆಂಡಿಗೆ ಹತ್ತು ಲಕ್ಷ ನ್ಯೂಟ್ರಾನ್ ಪಡೆದರೂ, ಫ್ಯೂಷನ್‌ನಿಂದ ಹುಟ್ಟುವುದು ಒಂದು ವಾಟ್‌ನ ಹತ್ತು ಲಕ್ಷದಲ್ಲೊಂದು ಪಾಲು. ಆದರೆ ನ್ಯೂಟ್ರಾನ್ ಬೇಕಾದವರಿಗೆ ಇದು ಬಹಳ ಒಳ್ಳೆಯ ಯಂತ್ರ. ಕ್ಯಾಲಿಫೋರ್ನಿಯಂ-252 ಎಂಬ ವಿಕಿರಣಶೀಲ ವಸ್ತು ಹಗಲೂ ರಾತ್ರಿ ನ್ಯೂಟ್ರಾನ್ ಉಗುಳುತ್ತಲೇ ಇರುತ್ತದೆ. ಫ್ಯೂಸರನ್ನಾದರೆ ಸ್ವಿಚ್ ಒತ್ತಿ ಆರಿಸಿ ಊಟಕ್ಕೆ ಹೋಗಬಹುದು.

ಕೆಲಸಕ್ಕೆ ಸೇರಿದ ಮೊದಲ ವರ್ಷ. ನ್ಯೂಟ್ರಾನ್ ಎಣಿಸಲು ಮೇಣದ ಇಟ್ಟಿಗೆಗಳ ನಡುವೆ ಹೀಲಿಯಂ-3 ಟ್ಯೂಬ್ ಇಟ್ಟಿದ್ದೆ. ಮೇಣ ನ್ಯೂಟ್ರಾನಿನ ವೇಗ ತಗ್ಗಿಸುತ್ತದೆ; ಟ್ಯೂಬ್ ಅದನ್ನು ಹಿಡಿದಾಗ ಒಂದು ಸಣ್ಣ ವಿದ್ಯುತ್ ಮಿಡಿತ ಕೊಡುತ್ತದೆ, ಅದೇ ಒಂದು ಕೌಂಟ್. ವೋಲ್ಟೇಜ್ ಏರಿಸಿದಷ್ಟೂ ಕೌಂಟ್ ಏರಿತು. ಗ್ರಾಫ್ ಪುಸ್ತಕದಲ್ಲಿ ಇದ್ದ ಹಾಗೇ ಬಂತು. ಖುಷಿಯಲ್ಲಿ ಆ ಅಂಕಿಯನ್ನು, ನಮ್ಮ ನ್ಯೂಟ್ರಾನ್ ಬಳಸಬೇಕಿದ್ದ ಇನ್ನೊಂದು ತಂಡಕ್ಕೆ ಅವತ್ತೇ ಮೇಲ್ ಮಾಡಿಬಿಟ್ಟೆ.

ಮರುದಿನ ಮೇಡಂ ಗ್ರಾಫ್ ನೋಡಿ ಕೇಳಿದ್ದು ಒಂದೇ ಮಾತು. "ಹೈಡ್ರೋಜನ್ ಹಾಕಿ ನೋಡಿದ್ಯಾ?"

"ಇಲ್ಲ ಮೇಡಂ."

ಮಾಮೂಲಿ ಹೈಡ್ರೋಜನ್ನಿಂದ ಈ ವೋಲ್ಟೇಜಿನಲ್ಲಿ ನ್ಯೂಟ್ರಾನ್ ಬರಲ್ಲ. ಡ್ಯೂಟೀರಿಯಂ ಸಿಲಿಂಡರ್ ಮುಚ್ಚಿ ಹೈಡ್ರೋಜನ್ ತುಂಬಿದೆ. ಅದೇ ಒತ್ತಡ, ಅದೇ ವೋಲ್ಟೇಜ್. ಕೌಂಟ್ ಹೆಚ್ಚುಕಮ್ಮಿ ಅಷ್ಟೇ ಬಂತು! ಕೈ ತಣ್ಣಗಾಯಿತು.

ಹೈವೋಲ್ಟೇಜ್ ತಂತಿ ಒಳಗೆ ಹೋಗುವ ಪಿಂಗಾಣಿಯ ಬಳಿ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿಗಳು ಹಾರುತ್ತಿದ್ದವು. ಟ್ಯೂಬಿನ ಕೇಬಲ್ ಅದರ ಪಕ್ಕದಲ್ಲೇ ಹಾದುಹೋಗಿತ್ತು. ಕಿಡಿ ಹಾರಿದಾಗಲೆಲ್ಲ ಕೇಬಲ್ ಅದನ್ನು ಆಂಟೆನಾದ ಹಾಗೆ ಹಿಡಿದು ಒಂದು ಕೌಂಟ್ ಕೊಡುತ್ತಿತ್ತು. ನನ್ನನ್ನು ನಿಜವಾಗಿ ದಾರಿ ತಪ್ಪಿಸಿದ್ದು ಗ್ರಾಫಿನ ಆಕಾರ. ವೋಲ್ಟೇಜ್ ಏರಿದರೆ ಫ್ಯೂಷನ್ ಜಾಸ್ತಿ ಆಗುತ್ತದೆ, ಸರಿ. ಕಿಡಿಯೂ ಜಾಸ್ತಿ ಆಗುತ್ತದೆ ಅಲ್ವಾ? ಎರಡೂ ಒಂದೇ ದಿಕ್ಕಿಗೆ ಏರುವಾಗ ಗ್ರಾಫ್ ನೋಡಿ ಯಾವುದು ಯಾವುದು ಅಂತ ಹೇಳೋಕಾಗಲ್ಲ.

ಕೇಬಲ್ ದೂರ ಸರಿಸಿ, ಎಲ್ಲವನ್ನೂ ಒಂದೇ ಜಾಗದಲ್ಲಿ ಅರ್ತ್ ಮಾಡಿ, ಟ್ಯೂಬಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್ಲಿಫೈಯರಿಗೆ ತಾಮ್ರದ ಜಾಲರಿ ಸುತ್ತಿದೆವು. ಒಂದು ವಾರ ಹಿಡಿಯಿತು. ಆಮೇಲೆ ಹೈಡ್ರೋಜನ್ ಹಾಕಿದರೆ ಕೌಂಟರ್ ಸುಮ್ನೆ ಕೂತಿತು. ಡ್ಯೂಟೀರಿಯಂ ಹಾಕಿದರೆ ಎಣಿಸಿತು. ಮೊದಲು ಕಳಿಸಿದ್ದಕ್ಕಿಂತ ಬಹಳ ಕಡಿಮೆ. "ಹಿಂದಿನ ಅಂಕಿ ತಪ್ಪು, ದಯವಿಟ್ಟು ಬಳಸಬೇಡಿ" ಅಂತ ಇನ್ನೊಂದು ಮೇಲ್ ಬರೆಯಬೇಕಾಯಿತು. ಆ ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ತೆಗೆದುಕೊಂಡೆ.

ಮೇಡಂ ಅಲ್ಲಿಗೂ ಬಿಡಲಿಲ್ಲ. ಮೇಣದ ನಡುವೆ ಒಂದು ಬೆಳ್ಳಿಯ ತಗಡು ಇಡಿಸಿದರು. ನ್ಯೂಟ್ರಾನ್ ಹೀರಿದ ಬೆಳ್ಳಿ ಸ್ವಲ್ಪ ಹೊತ್ತು ವಿಕಿರಣ ಸೂಸುತ್ತದೆ. ಕೆಲವು ನಿಮಿಷ ಯಂತ್ರ ಓಡಿಸಿ, ಹೈವೋಲ್ಟೇಜ್ ಪೂರ್ತಿ ಆರಿಸಿ, ಓಡಿಹೋಗಿ ತಗಡನ್ನು ಗೈಗರ್ ಕೌಂಟರಿನ ಕೆಳಗೆ ಇಟ್ಟೆ. ಕಿಡಿ ಇಲ್ಲ, ಪ್ಲಾಸ್ಮಾ ಇಲ್ಲ, ಪಂಪಿನ ಗುಂಯ್ ಸದ್ದು ಮಾತ್ರ. ಕೌಂಟರ್ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಸುಮಾರು 25 ಸೆಕೆಂಡಿಗೊಮ್ಮೆ ಸದ್ದು ಅರ್ಧಕ್ಕೆ ಇಳಿಯುತ್ತಾ ಬಂತು. ಆಮೇಲೆ 2.4 ನಿಮಿಷಕ್ಕೊಮ್ಮೆ ಅರ್ಧವಾಗುವ, ಬೆಳ್ಳಿಯದೇ ಇನ್ನೊಂದು ಐಸೋಟೋಪ್ (ಬೇರೆ ತೂಕದ ರೂಪ) ನಿಧಾನಕ್ಕೆ ಆರುತ್ತಾ ಹೋಯಿತು. ಅದು ಪೂರ್ತಿ ಅಡಗುವವರೆಗೂ ನಾವಿಬ್ಬರೂ ಅಲ್ಲೇ ನಿಂತು ಕೇಳಿದೆವು.