ಅವಂತಿಪುರದಲ್ಲಿ ಎರಡು ಗಂಟೆ: ಆನಂದವರ್ಧನನ ಕಾಲದ ಕಲ್ಲುಗಳು

ಶ್ರೀನಗರದಿಂದ ಪೆಹಲ್ಗಾಮಿಗೆ ಹೊರಟ ಟ್ಯಾಕ್ಸಿಗಳು ಅವಂತಿಪುರದಲ್ಲಿ ಹತ್ತೇ ನಿಮಿಷ ನಿಲ್ಲುವುದುಂಟು. ಕಾವ್ಯಮೀಮಾಂಸೆ ಓದಿಕೊಂಡವರಿಗೆ ಅದು ಏನೇನೂ ಸಾಲದು; ಧ್ವನ್ಯಾಲೋಕ ಎಂಬ ಸಂಸ್ಕೃತ ಕಾವ್ಯಮೀಮಾಂಸೆಯ ಗ್ರಂಥ ಬರೆದ ಕಾಶ್ಮೀರದ ಆನಂದವರ್ಧನನ ಕಾಲದ ಊರಿದು. ಎರಡು ಗಂಟೆ ಬೇಕೆಂದು ಹೊರಡುವಾಗಲೇ ಚಾಲಕರಿಗೆ ಹೇಳಿಬಿಡಬೇಕು. ದೂರ ಸುಮಾರು 30 ಕಿಲೋಮೀಟರ್. ಅಕ್ಟೋಬರ್ ಕೊನೆಗೆ ಹೋದರೆ ದಾರಿಯಲ್ಲಿ ಪಾಂಪೋರಿನ ಕೇಸರಿ ಹೊಲಗಳು ಹೂಬಿಟ್ಟಿರುತ್ತವೆ.

ಆನಂದವರ್ಧನನ ಹೆಸರು ಹೊತ್ತ ಮನೆ, ಮಠ ಏನನ್ನೂ ಇಲ್ಲಿ ಹುಡುಕಬಾರದು. ನೋಡಲು ಇರುವುದು ದೊರೆ ಅವಂತಿವರ್ಮ (ಕ್ರಿ.ಶ. 855–883) ಕಟ್ಟಿಸಿದ ಎರಡು ಗುಡಿಗಳ ಅವಶೇಷ. ಅವನ ಆಳ್ವಿಕೆಯಲ್ಲಿ ಹೆಸರಾದವರು ಮುಕ್ತಾಕಣ, ಶಿವಸ್ವಾಮಿ, ಆನಂದವರ್ಧನ, ರತ್ನಾಕರ ಎಂದು ಕಾಶ್ಮೀರದ ಅರಸರ ಚರಿತ್ರೆ ‘ರಾಜತರಂಗಿಣಿ’ಯನ್ನು ಬರೆದ ಕಲ್ಹಣ ಒಂದೇ ಶ್ಲೋಕದಲ್ಲಿ ಹೇಳುತ್ತಾನೆ. ಸುಯ್ಯ ಎಂಬವನು ಝೀಲಂ ನದಿಯ ಹರಿವನ್ನು ಸರಿಪಡಿಸಿದ ಮೇಲೆ ಒಂದು ಖಾರಿ (ಧಾನ್ಯದ ಅಳತೆ) ಭತ್ತದ ಬೆಲೆ 200 ದೀನಾರದಿಂದ 36ಕ್ಕೆ ಇಳಿಯಿತು ಎನ್ನುವವನೂ ಕಲ್ಹಣನೇ. ಧ್ವನ್ಯಾಲೋಕದ ಹಿಂದೆ ಇಂಥ ಹೊಟ್ಟೆ ತುಂಬಿದ ನಾಡಿತ್ತು.

ಹೆಸರುಗಳಲ್ಲೇ ಹಲವರು ತಪ್ಪುತ್ತಾರೆ. ಶ್ರೀನಗರದ ಕಡೆಯಿಂದ ಮೊದಲು ಸಿಗುವುದು ಅವಂತೀಶ್ವರ, ಶಿವನ ಗುಡಿ. ದೊಡ್ಡದು, ಆದರೆ ಹೆಚ್ಚು ಹಾಳಾಗಿದೆ. ಸ್ವಲ್ಪ ಮುಂದೆ ಊರೊಳಗಿರುವ ಅವಂತಿಸ್ವಾಮಿ ವಿಷ್ಣುವಿನದು. ಸಮಯ ಕಡಿಮೆಯಿದ್ದರೆ ಇದನ್ನೇ ಆರಿಸಿಕೊಳ್ಳಿ. ನದಿಯ ಹೂಳಿನಡಿ ಮುಚ್ಚಿಹೋಗಿದ್ದ ಇದರ ಅಂಗಳ 20ನೇ ಶತಮಾನದ ಆರಂಭದ ಉತ್ಖನನದಲ್ಲಿ ಹೊರಬಂತು. ಸುತ್ತಲೂ 69 ಕೋಷ್ಠಗಳು (ಚಿಕ್ಕ ಕೋಣೆಗಳು), ನಡುವೆ ಮುಖ್ಯ ಗುಡಿಯ ಪೀಠ, ಮೂಲೆಗಳಲ್ಲಿ ನಾಲ್ಕು ಚಿಕ್ಕ ಗುಡಿಗಳು. ಪ್ರವೇಶ ಪಶ್ಚಿಮದಿಂದ. ಬೂದುಗಲ್ಲಿನ ಉಬ್ಬುಶಿಲ್ಪ ತುಂಬ ಸವೆದಿರುವುದರಿಂದ ನಡುಮಧ್ಯಾಹ್ನದ ಬೆಳಕಿನಲ್ಲಿ ಗೆರೆಗಳು ಕಾಣಿಸುವುದೇ ಇಲ್ಲ. ಸಂಜೆಯ ಓರೆಬಿಸಿಲು ಬಿದ್ದಾಗ ಮುಖಗಳು ಎದ್ದುಬರುತ್ತವೆ.

ದ್ವಾರಮಂಟಪದ ಗೋಡೆಗಳಲ್ಲಿ ಗಂಗೆ, ಯಮುನೆಯರಿದ್ದಾರೆ. ಅಲ್ಲಿ ನಿಂತಾಗ ಕಾವ್ಯಮೀಮಾಂಸೆಯ ಹೆಸರಾಂತ ಉದಾಹರಣೆ ‘ಗಂಗಾಯಾಂ ಘೋಷಃ’ ನೆನಪಾಗಲೇಬೇಕು. ‘ಗಂಗೆಯಲ್ಲಿ ಗೊಲ್ಲರಹಟ್ಟಿ’ ಎಂದರೆ ನೀರಿನ ಮೇಲೆ ಹಟ್ಟಿ ಇರಲಾರದು, ಹಾಗಾಗಿ ವಾಚ್ಯಾರ್ಥ, ಅಂದರೆ ಪದದ ನೇರ ಅರ್ಥ, ಕೂಡುವುದಿಲ್ಲ. ಲಕ್ಷಣೆಯಿಂದ, ಅಂದರೆ ಪದಕ್ಕೆ ಹತ್ತಿರದ ಇನ್ನೊಂದು ಅರ್ಥ ಹಿಡಿದರೆ, ‘ದಡದಲ್ಲಿ’ ಎಂದಾಗುತ್ತದೆ. ಹಾಗಿದ್ದರೆ ‘ಗಂಗೆಯ ದಡದಲ್ಲಿ’ ಎಂದೇ ಏಕೆ ಹೇಳಲಿಲ್ಲ? ಹಟ್ಟಿಯ ತಂಪು, ಪಾವನತೆ ಹೊಳೆಯಲಿ ಎಂದು. ಆ ಹೊಳೆಯುವ ಅರ್ಥವೇ ವ್ಯಂಗ್ಯ (ಇಲ್ಲಿ ಕುಹಕವೆಂದಲ್ಲ, ಸೂಚಿತ ಅರ್ಥ). ಅದು ಪ್ರಧಾನವಾಗಿರುವ ಕಾವ್ಯವನ್ನು ಆನಂದವರ್ಧನ ಧ್ವನಿ ಎಂದು ಕರೆದ.

ಅದೇ ಶತಮಾನದಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೂ ಧ್ವನಿಯ ಹೆಸರೆತ್ತುತ್ತದೆ, ಆದರೆ ಅಲಂಕಾರಗಳ ಸಾಲಿನಲ್ಲಿಟ್ಟು. ಕಾಶ್ಮೀರದ ಧ್ವನ್ಯಾಲೋಕದ ಮೊದಲ ಕಾರಿಕೆ ‘ಕಾವ್ಯಸ್ಯಾತ್ಮಾ ಧ್ವನಿಃ’ (ಕಾವ್ಯದ ಆತ್ಮ ಧ್ವನಿ) ಎಂದೇ ಶುರುವಾಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನು ನೋಡಿ ಬಂದವರು ಅವಂತಿಸ್ವಾಮಿಯ ಮೆಟ್ಟಿಲ ಮೇಲೆ ಈ ಎರಡನ್ನೂ ಜೊತೆಗಿಟ್ಟುಕೊಂಡು ಓದಬೇಕು.